ಆಸ್ಟ್ರೇಲಿಯಾದ ವೈನ್: ಹಳೆಯ ಬಳ್ಳಿಗಳು ಉಳಿದಿದ್ದು ಹೇಗೆ?

ಹಳೆಯ ದ್ರಾಕ್ಷಿ ಬಳ್ಳಿಗಳೆಂದರೆ ಯುರೋಪಿನವೇ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಆಸ್ಟ್ರೇಲಿಯಾದ ಬರೋಸಾ ಕಣಿವೆಯಲ್ಲಿ 1840ರ ದಶಕದಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಇಂದಿಗೂ ಹಣ್ಣು ಬಿಡುತ್ತಿವೆ.

ವೈನ್ ದ್ರಾಕ್ಷಿ ಅಲ್ಲಿನ ಮೂಲ ಬೆಳೆಯಲ್ಲ. 1788ರಲ್ಲಿ ಬ್ರಿಟಿಷ್ ಹಡಗುಗಳಲ್ಲಿ ಸಿಡ್ನಿಗೆ ಬಂತು. ದೇಶದ ಒಳಭಾಗ ಮರುಭೂಮಿಯಾದ್ದರಿಂದ ತೋಟಗಳು ಹೆಚ್ಚಾಗಿ ತಂಪಾದ ದಕ್ಷಿಣ ಭಾಗದಲ್ಲಿ ಹಬ್ಬಿದವು.

19ನೇ ಶತಮಾನದಲ್ಲಿ ಬೇರಿನ ರಸ ಹೀರುವ ಫಿಲಾಕ್ಸೆರಾ ಎಂಬ ಕೀಟ ಯುರೋಪಿನ ತೋಟಗಳನ್ನು ಹಾಳುಮಾಡಿತು. 1877ರಲ್ಲಿ ಅದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲೂ ಕಾಣಿಸಿಕೊಂಡಿತು. ಬರೋಸಾ ಇರುವ ಸೌತ್ ಆಸ್ಟ್ರೇಲಿಯಾ ರಾಜ್ಯ ಹೊರಗಿನ ಬಳ್ಳಿಗಳ ಸಾಗಾಟಕ್ಕೆ ಕಡಿವಾಣ ಹಾಕಿ ಪಾರಾಯಿತು.

ಈ ಕೀಟವನ್ನು ನಿರ್ಮೂಲ ಮಾಡುವ ಔಷಧ ಈಗಲೂ ಇಲ್ಲ. ಶೂಗೆ ಅಂಟಿದ ಮಣ್ಣಿನಲ್ಲೂ ಅದು ಬರಬಲ್ಲದು. ಹಾಗಾಗಿ ಅಲ್ಲಿನ ತೋಟಗಳಿಗೆ ಹೋದರೆ, ಕೇಳದೆ ಸಾಲುಗಳ ನಡುವೆ ಕಾಲಿಡದಿರೋಣ.