ಮಾಳಿಗೆಯ ಸುತ್ತಿನ ಗೋಡೆ



ಮೋಶೆಯ ಧರ್ಮಶಾಸ್ತ್ರದಲ್ಲಿ ಕಟ್ಟಡ ಕಟ್ಟುವವರಿಗೂ ಒಂದು ಕಟ್ಟಳೆ ಇರುವುದನ್ನು ನೀವು ಗಮನಿಸಿರಬಹುದು. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ಹಕ್ಕಿಯ ಗೂಡಿನ ಮಾತು ಮುಗಿದ ಕೂಡಲೇ ಅದು ಬರುತ್ತದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಮೋಟುಗೋಡೆಯನ್ನು ಕಟ್ಟಬೇಕು. ಕಟ್ಟದೆ ಬಿಟ್ಟು ಅಲ್ಲಿಂದ ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯವನದೇ. ಗುರುಮಠದಲ್ಲಿ ಓದುವ ದಿನಗಳಲ್ಲಿ ಇದನ್ನು ಸಣ್ಣ ವಿಷಯವೆಂದು ದಾಟಿ ಹೋಗಿದ್ದೆ. ವಯಸ್ಸಾದಂತೆ ಅದೇ ವಾಕ್ಯ ನನ್ನನ್ನು ತಡೆದು ನಿಲ್ಲಿಸುತ್ತಿದೆ. ಮನೆ ನನ್ನದು, ಹಣ ನನ್ನದು. ಬೀಳುವವನು ಮಾತ್ರ ಬೇರೆಯವನು.

ಈ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ದೊಡ್ಡ ಅಂಗಡಿ, ಹೋಟೆಲು, ಕಚೇರಿ, ಆಸ್ಪತ್ರೆಗಳ ಕಟ್ಟಡಗಳು ಎಷ್ಟು ವಿದ್ಯುತ್ತನ್ನು ನುಂಗಬಹುದು ಎಂಬುದಕ್ಕೆ ನಮ್ಮ ದೇಶದಲ್ಲೀಗ ಒಂದು ಸಂಹಿತೆ ಇದೆ. ಅದು ದೆಹಲಿ, ಬೆಂಗಳೂರುಗಳ ಎಂಜಿನಿಯರುಗಳ ವಿಷಯ, ನಮಗೇನು ಸಂಬಂಧ ಎಂದು ನೀವು ಕೇಳಬಹುದು. ಶಿರಸಿ, ಸಿದ್ಧಾಪುರ, ಯಲ್ಲಾಪುರದವರಾದ ನಮಗೆ ಇರುವಷ್ಟು ಸಂಬಂಧ ಬೇರೆ ಯಾರಿಗೂ ಇರಲಾರದು ಎಂಬುದು ನನ್ನ ಅನಿಸಿಕೆ. ಏಕೆಂದರೆ ನಾಡಿನ ಮಾಳಿಗೆಯಿಂದ ಬಿದ್ದವರು ನಮ್ಮ ನೆರೆಹೊರೆಯವರು.

ಕರ್ನಾಟಕದಲ್ಲಿ ಜಲವಿದ್ಯುತ್ತಿನ ಕಥೆ 1902ರಲ್ಲಿ ಶಿವನಸಮುದ್ರದಿಂದ ಆರಂಭವಾಗುತ್ತದೆ. ಅಲ್ಲಿಯ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂತು. ಅಂದು ನಮ್ಮ ಮೂರೂ ತಾಲೂಕುಗಳು ಮುಂಬಯಿ ಪ್ರಾಂತದಲ್ಲಿದ್ದವು. ಸಿದ್ಧಾಪುರದ ಅಂಚಿನ ಜೋಗವು ಮೈಸೂರಿಗೂ ಮುಂಬಯಿಗೂ ಗಡಿಯಾಗಿತ್ತು. 1948ರಲ್ಲಿ ಜೋಗದ ವಿದ್ಯುದಾಗಾರ ದುಡಿಯತೊಡಗಿತು. 1964ರಲ್ಲಿ ಲಿಂಗನಮಕ್ಕಿ ಬಂತು. ಬಳಿಕ ಕಾಳಿ ನದಿಯ ಸರದಿ. ಸೂಪಾ ಅಣೆಕಟ್ಟಿನ ಹಿಂದೆ ಹಳೆಯ ಸೂಪಾ ಪಟ್ಟಣವೇ ನೀರಿನಡಿಗೆ ಹೋಯಿತು. 1990ರ ದಶಕದ ಕೊನೆಗೆ ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ 120 ಮೆಗಾವಾಟ್, ಅದರ ಕೆಳಗೆ ಕದ್ರಾದಲ್ಲಿ 150 ಮೆಗಾವಾಟ್ ಸೇರಿಕೊಂಡವು. ಎತ್ತರದ ಕಂಬಗಳ ಮೇಲೆ ತಂತಿಗಳು ಕಾಡನ್ನು ಸೀಳಿಕೊಂಡು ಹೊರಟವು. ಆ ತಂತಿಗಳ ಕೆಳಗಿನ ಸಿದ್ದಿ, ಕುಣಬಿ, ಗೌಳಿಗರ ಎಷ್ಟೋ ಗುಡಿಸಲುಗಳಲ್ಲಿ ಮಾತ್ರ ಬಹುಕಾಲ ಚಿಮಣಿ ದೀಪವೇ ಉರಿಯಿತು.

ಈ ಸಾಲಿನಲ್ಲಿ ಒಂದು ಹೆಸರು ಬರಲಿಲ್ಲ, ಅದು ಬೇಡ್ತಿ. ಬೇಡ್ತಿ ಹೊಳೆಗೆ ಅಣೆಕಟ್ಟು ಕಟ್ಟಿ 210 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆ 1970ರ ದಶಕದ ಕೊನೆಗೆ ಸಿದ್ಧವಾಗಿತ್ತು. ಅಡಿಕೆ, ಯಾಲಕ್ಕಿ, ಮೆಣಸಿನ ತೋಟಗಳೂ ಕಾಡೂ ಮುಳುಗುವುದಿತ್ತು. ನಮ್ಮ ರೈತರು ಅಂದು ಮಾಡಿದ ಕೆಲಸವನ್ನು ನೆನೆದಾಗ ನನಗೆ ಇಂದಿಗೂ ಅಭಿಮಾನವೆನಿಸುತ್ತದೆ. ಅವರು ಬರೀ ಬೇಡವೆಂದು ಕೂಗಲಿಲ್ಲ, ಲೆಕ್ಕ ಕೇಳಿದರು. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣವೊಂದು ನಡೆಯಿತು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಟಿ.ಎಸ್.ಎಸ್. ಅದಕ್ಕೆ ಬೆನ್ನೆಲುಬಾಯಿತು, ಮಾಧವ ಗಾಡ್ಗೀಳರಂಥ ವಿಜ್ಞಾನಿಗಳು ಬಂದು ರೈತರ ಜೊತೆ ಕುಳಿತರು. ಯೋಜನೆಯ ಲಾಭವೆಷ್ಟು, ಮುಳುಗುವ ತೋಟದ ಬೆಲೆಯೆಷ್ಟು, ಕಾಡಿನ ಬೆಲೆಯೆಷ್ಟು ಎಂಬ ಲೆಕ್ಕ ಎಲ್ಲರ ಮುಂದೆ ತೆರೆದುಕೊಂಡಿತು. ಯೋಜನೆ ಅಂದಿಗೆ ನಿಂತಿತು. ಎರಡು ವರ್ಷಗಳ ಬಳಿಕ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲೂಕಿನ ಸಾಲ್ಕಣಿಯ ಬಳಿ ಜನರು ಮರಗಳನ್ನು ಅಪ್ಪಿಕೊಂಡು ನಿಂತದ್ದು ನಿಮಗೆ ತಿಳಿದೇ ಇದೆ.

ಆದರೆ ಲೆಕ್ಕದ ಒಂದು ಪುಟ ಇನ್ನೂ ತೆರೆದಿರಲಿಲ್ಲ. ಅಷ್ಟೊಂದು ವಿದ್ಯುತ್ತು ನಿಜವಾಗಿ ಯಾರಿಗೆ ಬೇಕು, ಏತಕ್ಕೆ ಬೇಕು? ಈ ಪುಟವನ್ನು ಕರ್ನಾಟಕದಲ್ಲಿ ಚೆನ್ನಾಗಿ ತಿರುವಿ ನೋಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಮೂಲ್ಯ ಕೆ. ಎನ್. ರೆಡ್ಡಿ. ರಸಾಯನ ವಿಜ್ಞಾನಿಯಾಗಿದ್ದ ಅವರು 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ನಿಮ್ಮಲ್ಲಿ ಹಿರಿಯರಾದ ತಾಯಂದಿರಿಗೆ ಅಸ್ತ್ರ ಒಲೆಯ ಹೆಸರು ನೆನಪಿರಬೇಕು. ಅದು ಅಲ್ಲಿಂದಲೇ ಬಂದದ್ದು. ಹಳೆಯ ಮೂರು ಕಲ್ಲಿನ ಒಲೆಯಲ್ಲಿ ಬೆಂಕಿಯ ಬಹುಪಾಲು ಶಾಖ ಪಾತ್ರೆಗೆ ತಾಗದೆ ಹಾರಿಹೋಗುತ್ತಿತ್ತು. ಈ ಒಲೆಯಲ್ಲಿ ಕಡಿಮೆ ಸೌದೆಗೆ ಅನ್ನ ಬೆಂದಿತು, ಹೊಗೆಯೂ ಕೊಳವೆಯಲ್ಲಿ ಹೊರಗೆ ಹೋಯಿತು. ಅನ್ನ ಬೇಯಬೇಕೇ ಹೊರತು ಸೌದೆ ಉರಿಯಬೇಕೆಂದೇನೂ ಇಲ್ಲ. ರೆಡ್ಡಿಯವರ ವಿಚಾರವನ್ನು ಇದಕ್ಕಿಂತ ಸುಲಭವಾಗಿ ಹೇಳಲು ನನಗೆ ಬಾರದು.

ಇದೇ ವಿಚಾರವನ್ನು ಅವರು ಇಡೀ ರಾಜ್ಯದ ವಿದ್ಯುತ್ತಿಗೆ ಹಚ್ಚಿದರು. 1987ರಲ್ಲಿ ಸರ್ಕಾರದ ಸಮಿತಿಯೊಂದು 2000ದ ವೇಳೆಗೆ ಕರ್ನಾಟಕಕ್ಕೆ ಬೇಕಾಗುವ ವಿದ್ಯುತ್ತಿನ ದೊಡ್ಡ ಅಂದಾಜನ್ನು ಮುಂದಿಟ್ಟಿತ್ತು. ರೆಡ್ಡಿಯವರೂ ಆಂಟೊನೆಟ್ ಡಿ’ಸಾ ಮೊದಲಾದ ಅವರ ಸಂಗಡಿಗರೂ 1991ರಲ್ಲಿ ಬೇರೆ ಲೆಕ್ಕ ಪ್ರಕಟಿಸಿದರು. ಬುರುಡೆ ದೀಪದ ಬದಲು ಕಡಿಮೆ ವಿದ್ಯುತ್ತಿನ ದೀಪ, ವಿದ್ಯುತ್ ಹಂಡೆಯ ಬದಲು ಸೌರಶಾಖ, ನೀರಾವರಿಗೆ ಉತ್ತಮ ಪಂಪುಗಳು – ಹೀಗೆ ಒಂದೊಂದು ಬಳಕೆಯನ್ನೂ ಬಿಡಿಸಿ ನೋಡಿದಾಗ, ಎಲ್ಲ ಮನೆಗಳಿಗೂ ದೀಪ ಕೊಟ್ಟ ಮೇಲೂ ಸಮಿತಿ ಕೇಳಿದ ಅರ್ಧಕ್ಕಿಂತ ಕಡಿಮೆ ವಿದ್ಯುತ್ತು ಸಾಕಾಗುತ್ತಿತ್ತು. ಅಷ್ಟರಲ್ಲಿ ಯಲ್ಲಾಪುರದ ನೆರೆಯ ಕೈಗಾದಲ್ಲಿ ಅಣುಸ್ಥಾವರದ ಕೆಲಸ ಶುರುವಾಗಿತ್ತು. ಅದನ್ನು ವಿರೋಧಿಸಿ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಮ್ಮ ಕ್ಷೇತ್ರದಿಂದಲೇ ನಿಂತು ಸೋತಿದ್ದರು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಇಂಥದೇ ಲೆಕ್ಕ ಗೆದ್ದಿತ್ತು. 1973ರ ತೈಲ ಬಿಕ್ಕಟ್ಟಿನ ಒಂದು ಸಂಜೆ ಆರ್ಥರ್ ರೋಸನ್‌ಫೆಲ್ಡ್ ಎಂಬ ಭೌತವಿಜ್ಞಾನಿ ತನ್ನ ಕಚೇರಿಯಿಂದ ಹೊರಡುವಾಗ ಅಕ್ಕಪಕ್ಕದ ಕೋಣೆಗಳ ದೀಪ ಆರಿಸಲು ಹೋಗಿ, ಕಪಾಟುಗಳ ಹಿಂದೆ ಮರೆಯಾಗಿದ್ದ ಸ್ವಿಚ್ಚುಗಳನ್ನು ಹುಡುಕುವುದರಲ್ಲೇ ಇಪ್ಪತ್ತು ನಿಮಿಷ ಕಳೆದರಂತೆ. ಮುಂದೆ ಅವರು ಕಣವಿಜ್ಞಾನವನ್ನೇ ಬಿಟ್ಟು ಈ ಕೆಲಸಕ್ಕೆ ಇಳಿದರು. ಎಂಜಿನಿಯರುಗಳ ಸಂಘವೊಂದು 1975ರಲ್ಲಿ ಕಟ್ಟಡಗಳ ಇಂಧನ ಬಳಕೆಗೆ ಮಾನದಂಡ ಬರೆಯಿತು. 1978ರಲ್ಲಿ ಕ್ಯಾಲಿಫೋರ್ನಿಯಾ ಅಂಥ ನಿಯಮಗಳನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಅಲ್ಲಿ ಯೋಜಿಸಿದ್ದ ಸನ್‌ಡೆಸರ್ಟ್ ಎಂಬ ಅಣುಸ್ಥಾವರವನ್ನು ಕೈಬಿಡಲಾಯಿತು. ಆಗಿನ ಗವರ್ನರ್ ಜೆರ್ರಿ ಬ್ರೌನ್ ತರುಣನಾಗಿದ್ದಾಗ ಯೇಸುಸಭೆಯ ನವಶಿಷ್ಯಾಲಯದಲ್ಲಿ ಕೆಲಕಾಲ ಇದ್ದವರು. ನಿತ್ಯವೂ ಆತ್ಮಶೋಧನೆ ಮಾಡುವ ಅಭ್ಯಾಸ ಅಲ್ಲಿಂದ ಬಂದಿರಬೇಕೆಂದು ನಾನು ತಮಾಷೆಗೆ ಹೇಳುವುದುಂಟು.

ನಮ್ಮಲ್ಲಿ ಇಂಧನ ಸಂರಕ್ಷಣಾ ಕಾಯಿದೆ ಬಂದದ್ದು 2001ರಲ್ಲಿ. ಅದರಂತೆ 2002ರ ಮಾರ್ಚಿನಲ್ಲಿ ಇಂಧನ ದಕ್ಷತಾ ಬ್ಯೂರೋ ಹುಟ್ಟಿತು. ನಿಮ್ಮ ಮನೆಯ ಫ್ರಿಜ್ಜಿನ ಮೇಲೆ ನಕ್ಷತ್ರಗಳ ಚೀಟಿ ಅಂಟಿಸಿದವರು ಇವರೇ. 2007ರ ಮೇ 27ರಂದು ವಾಣಿಜ್ಯ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ ಬಿಡುಗಡೆಯಾಯಿತು. ಅದೇ ತಿಂಗಳ ಆರಂಭದಲ್ಲಿ ಕೈಗಾದ ಮೂರನೆಯ ಘಟಕ ವಿದ್ಯುತ್ತನ್ನು ಮಾರತೊಡಗಿತ್ತು. ಉಳಿಸುವ ವಿಧಾನ ಪುಸ್ತಕಕ್ಕೆ ಬರುವಷ್ಟರಲ್ಲಿ ಕೊಡಸಳ್ಳಿ ತುಂಬಿತ್ತು, ಕದ್ರಾ ತುಂಬಿತ್ತು. ಈ ತಡವನ್ನು ನಾನು ಸುಲಭವಾಗಿ ಕ್ಷಮಿಸಲಾರೆ.

ಸಂಹಿತೆಯಲ್ಲಿ ಇರುವುದೇನು? ಗೋಡೆ ಮತ್ತು ಮಾಡು ಎಷ್ಟು ಬಿಸಿಲನ್ನು ಒಳಗೆ ಬಿಡಬಹುದು, ಗಾಜು ಗೋಡೆಯ ಎಷ್ಟು ಪಾಲು ಇರಬಹುದು, ಅದು ಎಂಥ ಗಾಜಾಗಿರಬೇಕು, ತಂಪುಯಂತ್ರ ಎಷ್ಟು ದಕ್ಷವಾಗಿರಬೇಕು, ಚದರ ಮೀಟರಿಗೆ ಎಷ್ಟು ವ್ಯಾಟ್ ದೀಪ ಸಾಕು ಎಂಬ ಅಳತೆಗಳು. ದೇಶವನ್ನು ಹವಾಮಾನಕ್ಕೆ ತಕ್ಕಂತೆ ಐದು ವಲಯಗಳಾಗಿ ವಿಂಗಡಿಸಿ ಈ ಅಳತೆಗಳನ್ನು ಕೊಟ್ಟಿದ್ದಾರೆ. ಚಳಿದೇಶದವರು ಬಿಸಿಲನ್ನು ಒಳಗೆ ಸೆಳೆಯಲು ಕಟ್ಟಿದ ಗಾಜಿನ ಗೋಡೆಯನ್ನು ನಾವು ಶ್ರೀಮಂತಿಕೆಯ ಗುರುತೆಂದು ತಂದು, ಒಳಗೆ ಬಂದ ಬಿಸಿಲನ್ನು ಹೊರದೂಡಲು ಹಗಲಿಡೀ ಯಂತ್ರ ಓಡಿಸುತ್ತೇವೆ. ಚಿರೇಕಲ್ಲಿನ ದಪ್ಪ ಗೋಡೆ, ಮುಂಚಾಚಿದ ಹೆಂಚಿನ ಮಾಡು ಇರುವ ಶಿರಸಿಯ ಹಳೆಯ ಅಡಿಕೆ ವಖಾರಿಯೊಳಗೆ ಏಪ್ರಿಲ್ ತಿಂಗಳಲ್ಲೊಮ್ಮೆ ಹೊಕ್ಕು ನೋಡಿ. ಆಮೇಲೆ ಪೇಟೆಯ ಹೊಸ ಕಾಂಪ್ಲೆಕ್ಸಿನ ಮೇಲಂತಸ್ತಿಗೆ ಹತ್ತಿ.

ಮೊದಲು ಸಂಹಿತೆ ಮುಟ್ಟಿದ್ದು 500 ಕಿಲೋವಾಟ್ ಹೊರೆಯ ಭಾರೀ ಕಟ್ಟಡಗಳನ್ನು ಮಾತ್ರ, ಅದೂ ಐಚ್ಛಿಕವಾಗಿ. 2010ರ ತಿದ್ದುಪಡಿಯಿಂದ ಮಿತಿ 100 ಕಿಲೋವಾಟಿಗೆ ಇಳಿಯಿತು. ಕಡ್ಡಾಯ ಮಾಡುವುದು ರಾಜ್ಯಗಳ ಕೈಯಲ್ಲಿತ್ತು. ಕೆಲವು ರಾಜ್ಯಗಳು ಬೇಗ, ಕೆಲವು ನಿಧಾನವಾಗಿ ಎದ್ದವು, ಕರ್ನಾಟಕವೂ ತನ್ನ ಸಂಹಿತೆಯನ್ನು ಹೊರಡಿಸಿತು. 2017ರಲ್ಲಿ ಪರಿಷ್ಕೃತ ಆವೃತ್ತಿ ಬಂದಾಗ ಮೂರು ಮೆಟ್ಟಿಲುಗಳಾದವು: ಸಾಮಾನ್ಯ ಕಟ್ಟಡಕ್ಕಿಂತ ಶೇಕಡ 25, 35, 50ರಷ್ಟು ಉಳಿತಾಯ. 2022ರ ತಿದ್ದುಪಡಿ ದೊಡ್ಡ ವಸತಿ ಕಟ್ಟಡಗಳನ್ನೂ ಒಳಗೆ ತಂದಿತು. ಕಾಗದದ ಮೇಲಾದರೂ ಒಂದು ಲೆಕ್ಕ ಮಾಡೋಣ. ನೂರು ಕಿಲೋವಾಟಿನ ಕಟ್ಟಡ ಕಾಲು ಪಾಲು ಉಳಿಸಿದರೆ 25 ಕಿಲೋವಾಟ್. ಅಂಥ 4800 ಕಟ್ಟಡಗಳು ಸೇರಿದರೆ ಇಡೀ ಕೊಡಸಳ್ಳಿಯಷ್ಟಾಯಿತು. ಬೆಂಗಳೂರಿನಂಥ ನಗರಕ್ಕೆ ಇದು ಅಸಾಧ್ಯದ ಸಂಖ್ಯೆಯೇ?

ನಮ್ಮ ಪೇಟೆಗಳ ಹೆಚ್ಚಿನ ಕಟ್ಟಡಗಳು 100 ಕಿಲೋವಾಟಿನ ಕೆಳಗೇ ಉಳಿಯುತ್ತವೆ. ಅವುಗಳ ಬಾಗಿಲನ್ನು ಯಾವ ಅಧಿಕಾರಿಯೂ ತಟ್ಟುವುದಿಲ್ಲ. ನಮ್ಮ ಚರ್ಚುಗಳ, ಸಭಾಭವನಗಳ ಬಾಗಿಲನ್ನೂ ತಟ್ಟುವುದಿಲ್ಲ. ಪೋಪ್ ಹದಿನಾರನೆಯ ಬೆನೆಡಿಕ್ಟರ ಕಾಲದಲ್ಲಿ, 2008ರಲ್ಲಿ, ವ್ಯಾಟಿಕನ್ನಿನ ಆರನೆಯ ಪೌಲ್ ಸಭಾಂಗಣದ ಮಾಡಿನ ಮೇಲೆ ಸುಮಾರು 2400 ಸೌರಫಲಕಗಳನ್ನು ಹೊದಿಸಿದಾಗ ಯಾವ ಕಾಯಿದೆಯೂ ಅದನ್ನು ಕೇಳಿರಲಿಲ್ಲ. ಅಗಲಿದ ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಹೆಚ್ಚುತ್ತಿರುವ ತಂಪುಯಂತ್ರಗಳ ಬಳಕೆಯನ್ನು ಹೆಸರು ಹಿಡಿದೇ ಪ್ರಸ್ತಾಪಿಸಿದ್ದಾರೆ. ಬೇಡದ ದೀಪ ಆರಿಸುವುದನ್ನೂ ಸದಾಚಾರಗಳ ಸಾಲಿನಲ್ಲಿ ಸೇರಿಸಿದ್ದಾರೆ.

ಇಷ್ಟೆಲ್ಲ ಬರೆಯುವ ನಾನು ನಿರ್ದೋಷಿಯಲ್ಲ. 2004ರಲ್ಲಿ ಘಟ್ಟದ ಮೇಲಿನ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ ಗುರುವಾಗಿದ್ದಾಗ, ಹಳೆಯ ಹೆಂಚಿನ ಸಭಾಭವನವನ್ನು ಕೆಡವಿಸಿ ತಗಡಿನ ಶೀಟು ಹೊದಿಸಿದ, ಪಶ್ಚಿಮಕ್ಕೆ ಗಾಜಿನ ಕಿಟಕಿಗಳಿದ್ದ ಹೊಸ ಭವನ ಕಟ್ಟಿಸಿದವನು ನಾನೇ. ನಕ್ಷೆಗೆ ಸಹಿ ನನ್ನದು. ಮೊದಲ ಬೇಸಿಗೆಯಲ್ಲೇ ಮದುವೆಯ ಊಟಕ್ಕೆ ಕುಳಿತವರು ಬೆವರಿನಲ್ಲಿ ತೊಯ್ದರು. ಹತ್ತು ಫ್ಯಾನುಗಳು ಸೇರಿ ಬಿಸಿಗಾಳಿಯನ್ನು ಸುತ್ತಿಸಿದವು. ಚರ್ಚಿನಲ್ಲಂತೂ ಬಲಿಪೀಠ ಹೊಳೆಯಬೇಕೆಂದು 500 ವ್ಯಾಟಿನ ಎಂಟು ಹ್ಯಾಲೊಜನ್ ದೀಪಗಳನ್ನು ಹಾಕಿಸಿದ್ದೆ.

ಕೆಲವು ವರ್ಷಗಳ ಮೇಲೆ ಸಂಹಿತೆಯ ಪ್ರತಿಯೊಂದು ಕೈಗೆ ಸಿಕ್ಕಿದಾಗ ದೀಪಗಳ ಪಟ್ಟಿಯಲ್ಲಿ ‘ಧಾರ್ಮಿಕ ಕಟ್ಟಡ’ ಎಂಬ ಸಾಲು ಕಂಡಿತು: ಚದರ ಮೀಟರಿಗೆ 14 ವ್ಯಾಟ್. ಕಚೇರಿಗೆ 10.8 ಎಂದಿತ್ತು, ನಮಗೆ ತುಸು ಉದಾರವಾಗಿಯೇ ಕೊಟ್ಟಿದ್ದರು. ಕುತೂಹಲದಿಂದ ಚರ್ಚಿನ ಉದ್ದಗಲ ಅಳೆದು ನೋಡಿದೆ. ಸುಮಾರು 200 ಚದರ ಮೀಟರ್. ಹ್ಯಾಲೊಜನ್ 4000 ವ್ಯಾಟ್, ಇಪ್ಪತ್ನಾಲ್ಕು ಟ್ಯೂಬ್‌ಲೈಟುಗಳು ಚೋಕ್ ಸೇರಿ ಸುಮಾರು 1200. ಭಾಗಿಸಿದಾಗ ಬಂದದ್ದು 26. ಆರ್ಥಿಕ ಸಮಿತಿಯ ಮುಂದೆ ಕಾಗದ ಇಟ್ಟೆ, ಒಬ್ಬ ಹಿರಿಯರು, ಅಡಿಕೆ ಬೆಳೆಗಾರರು, ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, “ಫಾದರ್, ಬೇಡ್ತಿಯ ಲೆಕ್ಕ ಕೇಳಿದ್ದು ನಾವೇ ಅಲ್ಲವೇ?” ಎಂದಷ್ಟೇ ಹೇಳಿದರು. ಆ ವಾರವೇ ಹ್ಯಾಲೊಜನ್ ದೀಪಗಳು ಇಳಿದವು. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಪೀಠಸೇವೆಯ ಹುಡುಗನೊಬ್ಬ ತನ್ನ ಬಿಳಿಯ ನಿಲುವಂಗಿ ಕಳಚುತ್ತ, ಇವತ್ತು ಬೆನ್ನು ಒದ್ದೆಯಾಗಲಿಲ್ಲ ಎಂದು ಗೆಳೆಯನಿಗೆ ತೋರಿಸುತ್ತಿದ್ದ.