ಹೆಗಲು ಕೊಟ್ಟವರು

1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳು ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಆ ಪ್ಲೇಗಿನಲ್ಲಿ ಹೆಣಗಳಿಗೆ ಹೆಗಲು ಕೊಟ್ಟವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

2021ರ ಏಪ್ರಿಲ್-ಮೇ. ನಗರದ ಹೊರವಲಯದ ಪೀಣ್ಯ, ಪಣತ್ತೂರು, ಕೂಡ್ಲು ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದ್ದವು. ಕೊರೋನಾ ಭಯಕ್ಕೆ ಬಂಧುಗಳೇ ದೂರ ನಿಂತಾಗ, ಬಹುಪಾಲು ಮುಸ್ಲಿಂ ಯುವಕರಿದ್ದ ‘ಮರ್ಸಿ ಏಂಜೆಲ್ಸ್’ ತಂಡ ಬೆಂಗಳೂರಿನಲ್ಲಿ ಎಲ್ಲ ಧರ್ಮದ ಮೃತರಿಗೂ ಅವರವರ ಸಂಪ್ರದಾಯದಂತೆ ಅಂತ್ಯಸಂಸ್ಕಾರ ನೆರವೇರಿಸಿತು. ಅದು ರಮಝಾನ್ ಕಾಲವೂ ಆಗಿತ್ತು.

ಅದೇ ಮೇ ತಿಂಗಳಲ್ಲಿ ಕೋವಿಡ್ ವಾರ್ ರೂಮೊಂದರಲ್ಲಿ 17 ಮುಸ್ಲಿಂ ನೌಕರರ ಹೆಸರುಗಳನ್ನು ಆರೋಪಿಗಳ ಪಟ್ಟಿಯಂತೆ ಓದಲಾಯಿತು. ಹೆಗಲು ಕೊಟ್ಟವರ ಪಟ್ಟಿಯನ್ನು ಅಷ್ಟೇ ಗಟ್ಟಿಯಾಗಿ ಓದಬೇಕಾದವರು ನಾವು. ಸನ್ಮಾನದ ಹಾರ ಮರುದಿನವೇ ಬಾಡುತ್ತದೆ. ಬರೆದಿಟ್ಟ ಹೆಸರು ಬಾಡದು. ಮನುಷ್ಯರಿಗೆ ಸಲ್ಲಿಸುವ ಕೃತಜ್ಞತೆಯನ್ನು ಪ್ರವಾದಿ(ಸ)ರು ದೇವರ ಕೃತಜ್ಞತೆಯೊಂದಿಗೆ ಸೇರಿಸಿಯೇ ಕಲಿಸಿದ್ದಾರಲ್ಲವೇ?