ತೆರಿಗೆಯ ನಾಣ್ಯವೂ ಕನ್ನಡ ನೆಲವೂ

ಮಾರ್ಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯವನ್ನು ಬೋಧಿಸುವಾಗಲೆಲ್ಲ ಗುರುಅಭ್ಯರ್ಥಿಗಳು ನಮ್ಮನ್ನು ಕೇಳುವುದುಂಟು: ಯೇಸುಸ್ವಾಮಿ ತರಿಸಿ ನೋಡಿದ ದೆನಾರಿಯಸ್ ಇಂದು ಕೊಳ್ಳಲು ಸಿಗುತ್ತದೆಯೇ? ಸಿಗುತ್ತದೆ. ಗ್ರೀಕ್ ಹಾಗೂ ರೋಮನ್ ನಾಣ್ಯಗಳ ಸಂಗ್ರಹ ಹಲವು ದೇಶಗಳಲ್ಲಿ ಬೇರೂರಿದ ಹವ್ಯಾಸ. ತಿಬೇರಿಯ ಚಕ್ರವರ್ತಿಯ (ಕ್ರಿ.ಶ. 14–37) ಬೆಳ್ಳಿ ನಾಣ್ಯವನ್ನು ವ್ಯಾಪಾರಿಗಳು 'ತೆರಿಗೆಯ ನಾಣ್ಯ'ವೆಂದೇ ಕರೆದು ಮಾರುತ್ತಾರೆ. ಆ ಹೆಸರಿಗೇ ಅರ್ಧ ಬೆಲೆ ಎಂದರೂ ಸಲ್ಲುತ್ತದೆ.

ಅದರ ಒಂದು ಬದಿಯಲ್ಲಿ ಚಕ್ರವರ್ತಿಯ ಮುಖ. ಸುತ್ತಲೂ ಅವನು ದೈವತ್ವಕ್ಕೇರಿದ ಔಗುಸ್ತನ ಮಗನೆಂದು ಸಾರುವ ಲ್ಯಾಟಿನ್ ಬರಹ. ಮರುಬದಿಯಲ್ಲಿ ಆಸೀನಳಾದ ಸ್ತ್ರೀ ಮತ್ತು 'ಮಹಾಯಾಜಕ' ಎಂಬ ಬಿರುದು. ಆದರೆ ಪ್ರಭುವಿನ ಮುಂದೆ ಹಿಡಿದದ್ದು ಯಾವ ಚಕ್ರವರ್ತಿಯ ನಾಣ್ಯವೆಂದು ಮಾರ್ಕ ಹೇಳುವುದಿಲ್ಲ. ಆ ಕಾಲದ ಜುದೇಯದಲ್ಲಿ ದೆನಾರಿಯಸ್ಸಿನ ಬಳಕೆ ವಿರಳ. ದೇವಾಲಯದ ತೆರಿಗೆಗೂ ಸಲ್ಲುತ್ತಿದ್ದದ್ದು ತೂರ್ ಪಟ್ಟಣದ ಬೆಳ್ಳಿ. ತಿಬೇರಿಯನ ದೆನಾರಿಯಸ್ಸುಗಳು ಹೇರಳವಾಗಿ ದೊರೆತದ್ದು ದಕ್ಷಿಣ ಭಾರತದಲ್ಲಿ! 1891ರಲ್ಲಿ ಯಶವಂತಪುರದಲ್ಲಿ 163, 1965ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ 256 ರೋಮನ್ ಬೆಳ್ಳಿ ನಾಣ್ಯಗಳು ಮಣ್ಣಿನಿಂದ ಹೊರಬಂದವು. ಎರಡರಲ್ಲೂ ಔಗುಸ್ತ, ತಿಬೇರಿಯರ ನಾಣ್ಯಗಳಿವೆ. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆಯೆಂದು ಪ್ಲಿನಿ ಅದೇ ಶತಮಾನದಲ್ಲಿ ಗೊಣಗಿದ್ದನು. ಮೆಣಸು, ಮುತ್ತು, ಹತ್ತಿಬಟ್ಟೆಗಳಿಗೆ ತೆತ್ತ ಬೆಲೆ ಅದು. ಇಲ್ಲಿ ಆ ನಾಣ್ಯವು ತೆರಿಗೆಯಲ್ಲ, ವ್ಯಾಪಾರದ ಬೆಳ್ಳಿ. ಔಗುಸ್ತನ ಮಗನೆಂಬ ಘೋಷಣೆ ಇಲ್ಲಿ ಯಾರನ್ನೂ ಅಧೀನಗೊಳಿಸಲಿಲ್ಲ.

ನಾಣ್ಯದ ಮೇಲಿನ ಮುದ್ರೆ ಎಷ್ಟು ಗಂಭೀರ ವಿಷಯವೆಂಬುದನ್ನು ಅರಿಯಲು ರೋಮಿಗೇ ಹೋಗಬೇಕಾಗಿಲ್ಲ. ಹೊಸಪೇಟೆಯ ಸಮೀಪದ ಕಮಲಾಪುರಕ್ಕೆ ಹೋದರೂ ಸಾಕು. ಅಲ್ಲಿನ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳಿವೆ. ಆ ಸಾಮ್ರಾಜ್ಯದ ವರಹಗಳ ಮೇಲೆ ಅರಸನ ಮುಖವಿಲ್ಲ. ಬುಕ್ಕನ ನಾಣ್ಯದಲ್ಲಿ ಹನುಮಂತ, ಕೃಷ್ಣದೇವರಾಯನದರಲ್ಲಿ ಬಾಲಕೃಷ್ಣ; ಅರಸನದು ಹಿಂಬದಿಯಲ್ಲಿ ಬರೆದ ಹೆಸರು ಮಾತ್ರ. 'ಇದು ಯಾರ ರೂಪ?' ಎಂಬ ಪ್ರಭುವಿನ ಪ್ರಶ್ನೆಯನ್ನು ವರಹವನ್ನು ಹಿಡಿದು ಕೇಳಿದರೆ ಉತ್ತರ ಬೇರೆಯೇ ಆಗುತ್ತದೆ. ಚಕ್ರವರ್ತಿಯದು ಮತ್ತು ದೇವರದು ಎಂಬ ವಿಂಗಡಣೆಯ ಕಠೋರತೆ, ಆ ಎರಡನ್ನೂ ಒಂದೇ ಮುಖದಲ್ಲಿ ಬೆಸೆದ ರೋಮನ್ ನಾಣ್ಯದೆದುರಿನಲ್ಲಿಯೇ ಪೂರ್ಣವಾಗಿ ಕೇಳಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಇನ್ನು ಸಂಗ್ರಹದ ಮಾತು. ಕಮಲಾಪುರದಿಂದ ದಕ್ಷಿಣಕ್ಕೆ, ಚಿತ್ರದುರ್ಗದ ಬದಿಯ ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣ ಅವರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಉತ್ಖನನ ನಡೆಸಿದರು. ವ್ಹೀಲರ್ ಅವರಿಗೆ ಅಲ್ಲಿ ತಿಬೇರಿಯನ ಒಂದು ದೆನಾರಿಯಸ್ ದೊರೆಯಿತು. ಅಂಗಡಿಯವನ ದೃಷ್ಟಿಯಲ್ಲಿ ಅದು ಸಾವಿರಾರು ನಾಣ್ಯಗಳಂತೆಯೇ ಇನ್ನೊಂದು. ಆದರೆ ಅದು ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ, ಯಾವ ಶಾತವಾಹನ ನಾಣ್ಯಗಳ ನಡುವೆ ಇತ್ತೆಂಬುದು ದಾಖಲಾಯಿತು. ಆದ್ದರಿಂದಲೇ ಆ ಮಡಕೆಗಳಿಗೂ ಆ ವಸತಿಗೂ ಕಾಲ ನಿರ್ಣಯಿಸಲು ಅದು ನೆರವಾಯಿತು. ಅದೇ ನಾಣ್ಯವನ್ನು ಯಾರಾದರೂ ರಾತ್ರೋರಾತ್ರಿ ಅಗೆದು ಮಾರಿದ್ದರೆ ಕೊಂಡವನ ಕೈಗೆ ತಿಬೇರಿಯನ ಮುಖ ಬರುತ್ತಿತ್ತು, ಚಂದ್ರವಳ್ಳಿ ಬರುತ್ತಿರಲಿಲ್ಲ. ಸಂಗ್ರಾಹಕರಲ್ಲಿ ದೊಡ್ಡ ವಿದ್ವಾಂಸರಿದ್ದಾರೆ, ನಾಣ್ಯಶಾಸ್ತ್ರವು ಅವರಿಗೆ ಋಣಿ. ಆದರೂ ಮೂಲ ಕೇಳದೆ ಕೊಳ್ಳುವ ಭಕ್ತಿಯನ್ನು ನಾವು ಒಪ್ಪಲಾರೆವು.

ಕಾನೂನಿನ ನಿಲುವೂ ಸ್ಪಷ್ಟ. 1878ರ ನಿಧಿ ಕಾಯ್ದೆಯು 10 ರೂಪಾಯಿ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತುವೇ. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಇದು ಗ್ರಂಥಾಲಯದಲ್ಲೇ ಮುಗಿಯುವ ವಿಷಯವಲ್ಲ. ಕಂಪ್ಲಿ, ಸಂಡೂರುಗಳಂಥ ಕಡೆ ಧರ್ಮಕೇಂದ್ರದ ಹೊಣೆ ಹೊರಲಿರುವವರ ಮುಂದೆ, ಉಳುವಾಗ ಸಿಕ್ಕಿತೆಂದು ರೈತನೊಬ್ಬ ಹಳೆಯ ನಾಣ್ಯವನ್ನು ತಂದಿಡಬಹುದು. 'ಫಾದರ್, ನಿಮ್ಮಲ್ಲೇ ಇರಲಿ' ಎನ್ನಲೂಬಹುದು. ಅದನ್ನು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿರಿ. ಯಾವ ಹೊಲ, ಎಷ್ಟು ಆಳ, ಜೊತೆಗೆ ಏನಿತ್ತು ಎಂದು ಕೇಳಿ ಬರೆದುಕೊಳ್ಳಿರಿ; ಆ ಚೀಟಿಯೊಡನೆ ನಾಣ್ಯವನ್ನೂ ರೈತನನ್ನೂ ಕರೆದುಕೊಂಡು ತಹಶೀಲ್ದಾರರ ಕಚೇರಿಗೆ ನೀವೇ ಹೋಗಿರಿ.